ಕಾಗೆ ಕಾಲಿಗೆ ಬಡ್ತಿ

ಪ್ರೂಫ್ ತಿದ್ದುವವರು ಸಾಕಿಕೊಂಡ ಹಕ್ಕಿ ಹಂಸ ಒಂದೇ. ಅದೂ ಇಡೀ ಹಕ್ಕಿಯಲ್ಲ, ಬರೀ ಪಾದ. ಬಿಟ್ಟುಹೋದ ಅಕ್ಷರದ ಜಾಗದಲ್ಲಿ ಎರಡು ಗೀಟೆಳೆದು ಮೊನೆ ಮಾಡಿ, ಬಿಟ್ಟದ್ದನ್ನು ಮೇಲೆ ಬರೆದರೆ ಹಂಸಪಾದ ಹಾಕಿದಂತಾಯಿತು.

ಸಂಸ್ಕೃತದ ಹಳೆಯ ಹಸ್ತಪ್ರತಿಗಳಲ್ಲಿ ಇದೇ ಕೆಲಸ ಮಾಡುವ ಗುರುತಿಗೆ ಕಾಕಪದ ಎಂಬ ಹೆಸರೂ ಉಂಟು. ಕಾಗೆಯ ಕಾಲು! ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದದ್ದನ್ನು ಅಳಿಸುವ ಹಾಗಿಲ್ಲ; ಮರೆತ ಪದವನ್ನು ಸಾಲಿನ ಮೇಲೋ ಅಂಚಿನಲ್ಲೋ ಕೂರಿಸಿ, ಅದರ ಜಾಗ ಇಲ್ಲಿ ಎಂದು ತೋರಿಸಲೇಬೇಕು. ರೂಪ ನೋಡಿದರೆ ನ್ಯಾಯ ಕಾಗೆಯ ಕಡೆಗೇ. ಹಂಸದ ಬೆರಳುಗಳ ನಡುವೆ ಜಾಲಪೊರೆ ಇರುತ್ತದೆ. ಕೆಸರಿನಲ್ಲಿ ಊರಿದರೆ ಬೀಸಣಿಗೆ ಮೂಡೀತು. ಗೀಟು ಗೀಟಾಗಿ ಮೂಡುವುದು ಕಾಗೆಯ ಹೆಜ್ಜೆ. ಆದರೂ ಕನ್ನಡದಲ್ಲಿ ಹೆಸರು ಹೊಡೆದದ್ದು ಹಂಸ. ನನ್ನ ಗುಮಾನಿ ಇಷ್ಟು: ಕಾಗೆ ಕಾಲು, ಗುಬ್ಬಿ ಕಾಲುಗಳನ್ನು ನಾವು ಆಗಲೇ ಕೆಟ್ಟ ಬರವಣಿಗೆಗೆ ಬರೆದುಕೊಟ್ಟಿದ್ದೇವೆ. ತಿದ್ದುವವನಿಗೂ ಅದೇ ಕಾಲು ಅಂದರೆ ಮರ್ಯಾದೆ ಉಳಿಯುತ್ತದೆಯೇ? ಹಾಲು ನೀರು ಬೇರ್ಪಡಿಸುವ ಹಕ್ಕಿಯೇ ಸರಿ.

ಇಂಗ್ಲಿಷಿನವರು ಇದನ್ನು ಕ್ಯಾರೆಟ್ ಅನ್ನುತ್ತಾರೆ. ಹಲ್ವ ಮಾಡುವುದಲ್ಲ, ಲ್ಯಾಟಿನ್ನಿನಲ್ಲಿ ‘ಕೊರತೆ ಇದೆ’ ಎಂದರ್ಥ. ಆಡಿಟರ್ ಆಕ್ಷೇಪಣೆಯ ಹಾಗೆ ಕೇಳಿಸುತ್ತದೆ.

ನೆಂಟರೊಬ್ಬರ ಲಗ್ನಪತ್ರಿಕೆಯ ಪ್ರೂಫಿನಲ್ಲಿ ಮುತ್ತಜ್ಜನಿಂದ ಹಿಡಿದು ಮಕ್ಕಳುಮರಿಗಳವರೆಗೆ ಎಲ್ಲರೂ ಇದ್ದರು, ವರ ಇರಲಿಲ್ಲ. ಹಂಸಪಾದ ಹಾಕಿ ಅವನನ್ನು ಸೇರಿಸಿದೆ. ಎರಡನೇ ಪ್ರೂಫಿನಲ್ಲಿ ವರ ಬಂದ, ಜೊತೆಗೆ ಹಂಸಪಾದವೂ ದಪ್ಪಗೆ ಅಚ್ಚಾಗಿ ಬಂತು. “ಡಿಸೈನ್ ಅಂದ್ಕೊಂಡ್ವಿ ಸಾರ್” ಎಂದ ಪ್ರೆಸ್ಸಿನ ಹುಡುಗ. ನಾನು ಬಾಯಿ ತೆರೆಯುವ ಮೊದಲೇ ವರನ ಸೋದರಮಾವ, “ಇರ್ಲಿ ಬಿಡಿ, ಬಾಸಿಂಗ ಕಟ್ಟಿದ ಹಾಗಿದೆ” ಅಂದುಬಿಟ್ಟರು.

ಕಾಳಿದಾಸನಿಗೆ ಈ ಗುರುತು ಗೊತ್ತಿತ್ತೋ ಇಲ್ಲವೋ, ‘ಶಾಕುಂತಲ’ದ ಐದನೇ ಅಂಕ ಓದುವಾಗಲೆಲ್ಲ ನನಗೆ ಅನುಮಾನ. ದುಷ್ಯಂತನ ಆಸ್ಥಾನಕ್ಕೆ ಶಕುಂತಲೆ ಇನ್ನೇನು ಬರಬೇಕು, ಅವನು ಅವಳನ್ನು ಪೂರ್ತಿ ಮರೆತಿದ್ದಾನೆ. ಅಷ್ಟರಲ್ಲಿ ಅಂತಃಪುರದಿಂದ ರಾಜನ ಮರೆವನ್ನು ಚುಚ್ಚುವ ಹಾಡು ಕೇಳಿಬರುತ್ತದೆ. ಹಾಡಿದವಳ ಹೆಸರು ಹಂಸಪದಿಕೆ! ಬಿಟ್ಟುಹೋದದ್ದನ್ನು ಇಷ್ಟು ಸರಿಯಾದ ಜಾಗದಲ್ಲಿ ಯಾವ ಪ್ರೂಫ್ ರೀಡರೂ ಗುರುತಿಸಿಲ್ಲ. ರಾಜ ಹಾಡನ್ನು ಮೆಚ್ಚಿದ, ತಿದ್ದಿಕೊಳ್ಳಲಿಲ್ಲ. ಅವಳನ್ನು ಸಮಾಧಾನ ಮಾಡಲು ವಿದೂಷಕನನ್ನು ಅಟ್ಟಿದ. ಅಲ್ಲಿ ಹೆಂಗಸರು ತನ್ನ ಜುಟ್ಟು ಹಿಡಿದು ಬಡಿಯುತ್ತಾರೆಂದು ಗೊಣಗಿಕೊಂಡೇ ಆತ ಹೋದ.