ಹರಕೆ ಏನಾದ್ರೂ ಉಂಟಾ?

ಕರಾವಳಿಯಿಂದ ಮಲೆನಾಡಿಗೆ ಸೈಕಲ್ಲಿನಲ್ಲಿ ಹೊರಟವನು ಎರಡು ಏರುಗಳನ್ನು ಹತ್ತಬೇಕಾಗುತ್ತದೆ. ಒಂದು ರಸ್ತೆಯದ್ದು. ಅದನ್ನು ಗೇರು ಬದಲಿಸಿಯೋ ದೇವರ ಹೆಸರು ಹೇಳಿಯೋ ಹೇಗೋ ಸುಧಾರಿಸಬಹುದು. ಇನ್ನೊಂದು ದಾರಿಯುದ್ದಕ್ಕೂ ಸಿಗುವ ಜನರ ಪ್ರಶ್ನೆಗಳದ್ದು. ಅದಕ್ಕೆ ಈವರೆಗೆ ಯಾವ ಕಂಪನಿಯೂ ಗೇರು ತಯಾರಿಸಿಲ್ಲ.

ಪ್ರಶ್ನೆಗಳು ಘಟ್ಟದ ಬುಡದ ಚಾದಂಗಡಿಯಲ್ಲೇ ಶುರು. ಹೆಬ್ರಿ ಕಡೆಯ ಹಿರಿಯರೊಬ್ಬರು ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ಲಿಗೆ ಪ್ರದಕ್ಷಿಣೆ ಬಂದು ವಿಚಾರಣೆ ಆರಂಭಿಸಿದರು. "ಸ್ಟ್ಯಾಂಡ್ ಇಲ್ವಾ?" ಇಲ್ಲ. "ಮಡ್‌ಗಾರ್ಡು?" ಇಲ್ಲ. "ಕ್ಯಾರಿಯರು?" ಅದೂ ಇಲ್ಲ. "ಟಯರಾದರೂ ಸ್ವಲ್ಪ ದಪ್ಪದ್ದು ಹಾಕಬಹುದಿತ್ತು." ಒಂದು ಗುಟುಕು ಚಾ ಹೀರಿ, ಇಷ್ಟೆಲ್ಲ ಕಳೆದು ಎಷ್ಟಕ್ಕೆ ಕೊಟ್ಟರೆಂದು ಕೇಳಿದರು. ನಾನು ನಿಜವಾದ ಬೆಲೆಯ ಕಾಲುಭಾಗ ಹೇಳಿದೆ. ಅಷ್ಟಕ್ಕೇ ಅವರು ಗಾಜಿನ ಲೋಟ ಕೆಳಗಿಟ್ಟು, "ಅಷ್ಟು ದುಡ್ಡಿಗೆ ಒಂದು ಹಳೇ ಲೂನಾ ಬರ್ತಿತ್ತು ಮಾರಾಯ್ರೆ" ಎಂದರು. ಆ ಮಾತಿನಲ್ಲಿದ್ದ ಕರುಣೆ ಸೋಮೇಶ್ವರದವರೆಗೂ ನನ್ನ ಬೆನ್ನ ಮೇಲೆ ಕುಳಿತು ಬಂತು.

ಸೋಮೇಶ್ವರದಿಂದ ಆಗುಂಬೆಗೆ 14 ಹಿಮ್ಮುರಿ ತಿರುವುಗಳು. ಕಾರಿನಲ್ಲಿ ಹೋಗುವವರಿಗೆ ಎಲ್ಲವೂ ಒಂದೇ. ತುಳಿಯುವವನಿಗೆ ಹಾಗಲ್ಲ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಸಾಗಬೇಕು. ಆದ್ದರಿಂದ ಹತ್ತುವಾಗ ಬಲಕ್ಕೆ ಹೊರಳುವ ತಿರುವಿನಲ್ಲಿ ನಮಗೆ ಸಿಗುವುದು ಹೊರಸುತ್ತು. ದೂರ ಜಾಸ್ತಿ, ಏರು ಕಡಿಮೆ, ಒಂದೆರಡು ಉಸಿರು ಸಾಲವಾಗಿ ಸಿಗುತ್ತದೆ. ಎಡಕ್ಕೆ ಹೊರಳುವ ತಿರುವಿನಲ್ಲಿ ಒಳಸುತ್ತು. ಅಲ್ಲಿ ರಸ್ತೆ ಇದ್ದಕ್ಕಿದ್ದಂತೆ ಎದ್ದು ನಿಂತು, ಕೊಟ್ಟಿದ್ದ ಸಾಲವನ್ನು ಬಡ್ಡಿ ಸಮೇತ ವಸೂಲು ಮಾಡುತ್ತದೆ. ಬಲಕ್ಕೆ ಸರಿದು ಹೊರಸುತ್ತಿನಲ್ಲೇ ಹೋಗಿಬಿಡೋಣವೆಂಬ ಆಸೆ ಎಂಥ ಸಜ್ಜನನಿಗೂ ಬರುತ್ತದೆ. ಮೇಲಿನಿಂದ ಇಳಿಯುವ ಮಿನಿ ಬಸ್ಸಿಗೂ ಅದೇ ಜಾಗ ಬೇಕು ಎನ್ನುವುದೊಂದೇ ತೊಡಕು.

ಈ ಮಿನಿ ಬಸ್ಸುಗಳು ಘಟ್ಟದ ಸೈಕಲ್ ಸವಾರನ ಸಾರ್ವಜನಿಕ ಜೀವನ. ಗಂಟೆಗೆ ಐದು ಕಿಲೋಮೀಟರಿನಲ್ಲಿ ತೆವಳುವವನನ್ನು ಗಂಟೆಗೆ ಹದಿನೈದರಲ್ಲಿ ತೆವಳುವ ಬಸ್ಸು ದಾಟಲು ಸಾಕಷ್ಟು ಸಮಯ ಬೇಕು. ಅಷ್ಟರಲ್ಲಿ ಒಂದು ಬದಿಯ ಅಷ್ಟೂ ಕಿಟಕಿಗಳ ಜತೆ ನನ್ನ ಪರಿಚಯವಾಗಿರುತ್ತದೆ. ತಿರುವಿನ ಹೊಡೆತಕ್ಕೆ ಹೊಟ್ಟೆ ತೊಳಸಿ ಕಿಟಕಿಯಿಂದ ತಲೆ ಹೊರಹಾಕಿದವರು ನನ್ನನ್ನು ಕಾಣುತ್ತಾರೆ. ತಮಗಿಂತ ಕಷ್ಟದಲ್ಲಿರುವವರು ಭೂಮಿಯ ಮೇಲಿದ್ದಾರೆಂದು ಸಮಾಧಾನವಾಗಿ ತಲೆಯನ್ನು ಒಳಗೆಳೆದುಕೊಳ್ಳುತ್ತಾರೆ. ಈ ಸೇವೆಗೆ ನಾನು ಈವರೆಗೆ ಯಾರಿಂದಲೂ ಏನನ್ನೂ ತೆಗೆದುಕೊಂಡಿಲ್ಲ.

ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ ಆಲ್ಪ್ ದ್ಯುಎಜ್ ಎಂಬ ಏರಿದೆ. ತಿರುವುಗಳು 21. ಟೂರ್ ದ ಫ್ರಾನ್ಸ್ 1952ರಲ್ಲಿ ಮೊದಲ ಸಲ ಅಲ್ಲಿಗೆ ಹತ್ತಿತು, ಇಟಲಿಯ ಫೌಸ್ಟೊ ಕೊಪ್ಪಿ ಗೆದ್ದ. ಈಗ ಪ್ರತಿ ತಿರುವಿಗೂ ಅಲ್ಲಿ ಗೆದ್ದವರ ಹೆಸರಿನ ಫಲಕ. ರಸ್ತೆಯ ಇಕ್ಕೆಲದಲ್ಲಿ ಜನಸಾಗರ. ಅಭಿಮಾನ ಹೆಚ್ಚಾದವರು ಸವಾರನ ಪಕ್ಕದಲ್ಲೇ ಕೂಗುತ್ತಾ ಓಡುತ್ತಾರೆ. ಆಗುಂಬೆಯಲ್ಲಿ ತಿರುವಿಗೆ ಅಂಕೆ ಇದೆ, ಹೆಸರಿಲ್ಲ. ಪ್ರೇಕ್ಷಕರಿಗೇನೂ ಕೊರತೆಯಿಲ್ಲ, ತಡೆಗೋಡೆಯ ಮೇಲೆ ಸಂಸಾರ ಸಮೇತ ಸಾಲಾಗಿ ಕುಳಿತಿರುತ್ತಾರೆ. ಇವರೂ ಸವಾರನ ಪಕ್ಕದಲ್ಲಿ ಓಡಿಬರುತ್ತಾರೆ. ಜರ್ಸಿಯ ಬೆನ್ನ ಜೇಬಿನಲ್ಲಿ ಬಾಳೆಹಣ್ಣಿದೆ ಎಂಬುದು ಆಗುಂಬೆಯ ಮಂಗಗಳಿಗೆ ಯಾವ ಕೋಚ್ ಹೇಳಿಕೊಟ್ಟನೋ ತಿಳಿಯದು. ಅವುಗಳ ದೆಸೆಯಿಂದ ನನ್ನ ವೇಗ ಮಾತ್ರ ನಿಜವಾಗಿ ಸುಧಾರಿಸಿದೆ.

ಮಳೆಗಾಲದಲ್ಲಿ ಹೋಗಬಾರದೇ ಎಂದು ಕೇಳುತ್ತಾರೆ. ಹೋಗಬಹುದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು ಅದು. ಬೆವರು ಯಾವುದು, ಮಳೆ ಯಾವುದು ಎಂದು ಯಾರಿಗೂ ಗೊತ್ತಾಗದಿರುವುದು ಮರ್ಯಾದೆಯ ದೃಷ್ಟಿಯಿಂದ ಒಳ್ಳೆಯದೇ. ಆದರೆ ಸುಸ್ತಾಗಿ ರಸ್ತೆ ಬದಿಯ ಹುಲ್ಲಿನ ಮೇಲೆ ಕೂತಿರೋ, ಇಂಬಳಗಳು ಬರುತ್ತವೆ. ಅವು ಮಾತ್ರ ಏನನ್ನೂ ಕೇಳುವುದಿಲ್ಲ. ಇಳಿಜಾರಿನ ಕಥೆ ಬೇರೆಯೇ: ನೆನೆದ ರಿಮ್ಮಿಗೆ ಬ್ರೇಕು ಒತ್ತಿದರೆ ಮೊದಲ ಎರಡು ಮೂರು ಸುತ್ತು ಅದು ನೀರನ್ನು ಒರೆಸುವ ಕೆಲಸ ಮಾಡುತ್ತದೆ, ನಿಲ್ಲಿಸುವ ವಿಚಾರ ಆಮೇಲೆ. ಏರುವಾಗ ತೊಡೆಗಳು ಬೈದರೆ ಇಳಿಯುವಾಗ ಬೆರಳುಗಳು ಬೈಯುತ್ತವೆ.

ಇಷ್ಟು ಮಾಡಿದರೆ ತೂಕ ಎಷ್ಟು ಇಳಿಯುತ್ತದೆ? ಇದು ಮನೆಯೊಳಗಿನ ಪ್ರಶ್ನೆ. ಲೆಕ್ಕ ಹಾಕಿದ್ದೇನೆ. 70 ಕೆ.ಜಿ.ಯ ಮನುಷ್ಯ, 10 ಕೆ.ಜಿ.ಯ ಸೈಕಲ್ಲು, ಸುಮಾರು 500 ಮೀಟರ್ ಎತ್ತರ. ಗುರುತ್ವದ ವಿರುದ್ಧ ಮಾಡುವ ಕೆಲಸ 4 ಲಕ್ಷ ಜೂಲಿನಷ್ಟು. ದೇಹ ತಾನು ಸುಟ್ಟದ್ದರಲ್ಲಿ ಕಾಲುಭಾಗವನ್ನಷ್ಟೇ ಕೆಲಸಕ್ಕೆ ಹಚ್ಚಿ ಉಳಿದದ್ದನ್ನು ಶಾಖವಾಗಿ ಕಳೆಯುವುದರಿಂದ, ಒಟ್ಟು ಖರ್ಚು ಹೆಚ್ಚುಕಡಿಮೆ 400 ಕ್ಯಾಲೊರಿ. ಮೇಲೆ ಹೋಟೆಲಿನಲ್ಲಿ ಒಂದು ಮಸಾಲೆದೋಸೆ, ಒಂದು ಪ್ಲೇಟು ಗೋಳಿಬಜೆ, ಕಾಫಿ ಮುಗಿಸಿ ಎದ್ದರೆ ಘಟ್ಟ ಹತ್ತಿದ ಮನುಷ್ಯ ಹತ್ತದವನಿಗಿಂತ ಭಾರವಾಗಿರುತ್ತಾನೆ. ಒಂದು ಕೆ.ಜಿ. ಹಗುರವಾದ ಸೈಕಲ್ಲಿಗೆಂದು ಸಾಲ ಮಾಡಿದ ಗೆಳೆಯರೂ ಇದೇ ಮೇಜಿನಲ್ಲಿ ಕೂತು ಎರಡನೇ ಪ್ಲೇಟು ಹೇಳುವುದನ್ನು ಕಂಡಿದ್ದೇನೆ.

ಆದರೆ ಪ್ರಶ್ನೆಗಳ ನಿಜವಾದ ಏರು ಇರುವುದು ಚಾರ್ಮಾಡಿಯಲ್ಲಿ. ರಸ್ತೆ ಆಗುಂಬೆಯಷ್ಟು ಕಡಿದಲ್ಲ. ಇಪ್ಪತ್ತು ಕಿಲೋಮೀಟರಿನ ಆಸುಪಾಸು ಉದ್ದಕ್ಕೆ, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕಣಿವೆ ಇಟ್ಟುಕೊಂಡು ಕೊಟ್ಟಿಗೆಹಾರದವರೆಗೆ ನಿಧಾನಕ್ಕೆ ಜೀವ ತೆಗೆಯುತ್ತದೆ. 2019ರ ಮಳೆಯಲ್ಲಿ ಕುಸಿದು ತಿಂಗಳುಗಟ್ಟಲೆ ವಾಹನ ಸಂಚಾರ ನಿಂತಿದ್ದ ರಸ್ತೆ ಇದು. ಶಿವರಾತ್ರಿಯ ಹೊತ್ತಿಗೆ ಇಲ್ಲಿ ಸಾವಿರಾರು ಮಂದಿ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುತ್ತಾರೆ. ಹಾಗಾಗಿ ಈ ಘಟ್ಟದ ಜನರಿಗೆ ಬೆವರು, ಬೊಬ್ಬೆ ಎದ್ದ ಪಾದ, ಕುಂಟು ನಡಿಗೆ ಯಾವುದೂ ಹೊಸತಲ್ಲ. ಅದಕ್ಕೊಂದು ಕಾರಣ ಮಾತ್ರ ಇರಬೇಕು.

ಎಳನೀರು ಮಾರುವವರು ಕೇಳಿಯೇ ಕೇಳಿದರು, "ಹರಕೆ ಏನಾದ್ರೂ ಉಂಟಾ?"

ಆರೋಗ್ಯಕ್ಕೆ ಎಂದರೆ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಖುಷಿಗೆ ಎನ್ನಲು ಮುಖ ಒಪ್ಪುತ್ತಿರಲಿಲ್ಲ. ಹೌದು, ಹರಕೆ ಎಂದುಬಿಟ್ಟೆ. ಅವರ ಮುಖದಲ್ಲಿ ತಕ್ಷಣ ಗೌರವ ಮೂಡಿತು. ಮರುಕ್ಷಣ ಸಂಶಯ. "ಧರ್ಮಸ್ಥಳ ಆ ಕಡೆ ಅಲ್ವಾ? ನೀವು ಈ ಕಡೆ ಹೋಗ್ತಾ ಇದ್ದೀರಿ."

ದರ್ಶನ ಮುಗಿಸಿ ವಾಪಸು ಹೊರಟಿದ್ದೇನೆ ಎಂದೆ.

"ವಾಪಸು ಹೋಗುವಾಗ ಎಲ್ಲರೂ ಬಸ್ಸಲ್ಲೇ ಹೋಗುವುದು. ದೇವರು ಅದಕ್ಕೆಲ್ಲ ಬೇಜಾರು ಮಾಡುವುದಿಲ್ಲ."

ಈ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಏನು ಹರಕೆ ಎಂದು ಕೇಳಿದಾಗ ಬಾಯಿಗೆ ಬಂದದ್ದು ಮಂಡಿನೋವು. ಮಂಡಿನೋವು ವಾಸಿಯಾಗಲೆಂದು ಘಟ್ಟಕ್ಕೆ ಸೈಕಲ್ ತುಳಿಯುವ ಮನುಷ್ಯನನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಎಳನೀರಿನ ದುಡ್ಡು ಬೇಡವೆಂದರು. ಅದು ಭಕ್ತಿಗೋ ಬುದ್ಧಿಗೋ ಎಂದು ನಾನು ಕೇಳಲಿಲ್ಲ. ಕೊಟ್ಟಿಗೆಹಾರದ ನೀರುದೋಸೆ ಹತ್ತಿರದಲ್ಲಿರುವಾಗ ವಾದ ಬೆಳೆಸಬಾರದು.

ನಮ್ಮ ನಾಡಿನಲ್ಲಿ ಕಷ್ಟಪಡುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಕಾರಣವಿಲ್ಲದೆ ಪಡಬಾರದು ಅಷ್ಟೆ. ಟೂರ್ ದ ಫ್ರಾನ್ಸಿನವರು ಏರುಗಳನ್ನು ನಾಲ್ಕನೇ ದರ್ಜೆಯಿಂದ ಒಂದನೆಯದಕ್ಕೆ, ಕೊನೆಗೆ ದರ್ಜೆಗೇ ಸಿಗದ್ದು ಎಂಬಲ್ಲಿಗೆ ವಿಂಗಡಿಸುತ್ತಾರೆ. ನಾನು ಅಲ್ಲಿ ಕೊಡಬೇಕಾದ ಉತ್ತರಗಳ ಮೇಲೆ ವಿಂಗಡಿಸುತ್ತೇನೆ. ಈ ಲೆಕ್ಕದಲ್ಲಿ 1,478 ಮೀಟರಿನ ನಂದಿಬೆಟ್ಟ ಬಲು ಸುಲಭ. ಶನಿವಾರ ಭಾನುವಾರ ಅರ್ಧ ಬೆಂಗಳೂರೇ ಸೈಕಲ್ಲೇರಿ ಅಲ್ಲಿರುವುದರಿಂದ ಯಾರೂ ಏಕೆ ಎಂದು ಕೇಳುವುದಿಲ್ಲ, ಎಷ್ಟು ನಿಮಿಷ ಎಂದಷ್ಟೇ ಕೇಳುತ್ತಾರೆ. ಅದು ಗೋತ್ರ ಕೇಳಿದಷ್ಟೇ ಸಹಜ, ಸುಳ್ಳು ಹೇಳುವುದೂ ಅಷ್ಟೇ ಸಹಜ. ಮಸಿನಗುಡಿಯಿಂದ ಊಟಿಯತ್ತ ಏರುವ ಕಲ್ಹಟ್ಟಿಯಲ್ಲಿ 36 ತಿರುವು, ಕಾಲಿಗೆ ಅದರಷ್ಟು ಕ್ರೂರವಾದದ್ದು ಈ ಸುತ್ತಿನಲ್ಲಿ ಇನ್ನೊಂದಿಲ್ಲ. ಆದರೆ 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್‌ನವರು ಗುಂಪುಗುಂಪಾಗಿ ಹತ್ತಿ ಹತ್ತಿ ಅದಕ್ಕೊಂದು ಗೌರವ ತಂದುಬಿಟ್ಟಿದ್ದಾರೆ. ಒಬ್ಬನೇ ಹತ್ತಿದರೆ ಹುಚ್ಚು, ನೂರು ಜನ ಹತ್ತಿದರೆ ಕ್ರೀಡೆ. ಮುಳ್ಳಯ್ಯನಗಿರಿಯಲ್ಲಿ ರಸ್ತೆ ಮುಗಿದ ಮೇಲೂ ದೇವಸ್ಥಾನಕ್ಕೆ ನೂರಾರು ಮೆಟ್ಟಿಲುಗಳಿವೆ. ಪೆಡಲಿಗೆ ಕಚ್ಚುವ ಲೋಹದ ತುಂಡಿರುವ ಬೂಟು ತೊಟ್ಟು ಟಕ್ ಟಕ್ ಎಂದು ಮೆಟ್ಟಿಲೇರುವವನನ್ನು ಜನ ಪ್ರಶ್ನೆ ಕೇಳದೆ ದಾರಿ ಬಿಟ್ಟು ನೋಡುತ್ತಾರೆ. ಶಿರಾಡಿ ಬೇಡ. ಅಲ್ಲಿ ಕೇಳುವವರು ಟ್ಯಾಂಕರಿನ ಚಾಲಕರು, ಕೇಳುವುದು ಹಾರ್ನಿನಲ್ಲಿ.

ಹೀಗಾಗಿ ದರ್ಜೆಗೇ ಸಿಗದ್ದು ನನ್ನ ಪಟ್ಟಿಯಲ್ಲಿ ಚಾರ್ಮಾಡಿ ಒಂದೇ.

ಘಟ್ಟದ ರಸ್ತೆಯಲ್ಲಿ ಕಾರು, ಬಸ್ಸು ಓಡಿಸುವವರಲ್ಲಿ ಒಂದು ಕೋರಿಕೆ. ಮುಂದೆ ಸೈಕಲ್ ಸವಾರ ಕಂಡರೆ ತಿರುವಿನಲ್ಲಿ ಹಿಂದಿಕ್ಕಬೇಡಿ, ತಿರುವು ಮುಗಿಯಲಿ. ಕಿವಿಯ ಹತ್ತಿರ ಹಾರ್ನ್ ಹೊಡೆಯಬೇಡಿ. ಬೆಚ್ಚಿದರೆ ಅವನು ವಾಲುವುದು ನಿಮ್ಮ ಕಡೆಗೇ. ಒಂದೂವರೆ ಮೀಟರ್ ಜಾಗ ಬಿಟ್ಟು ಮುಂದೆ ಹೋಗಿ. ಯಾಕೆ ಹೀಗೆ ಅಂತ ಕೇಳಲೇಬೇಕಿದ್ದರೆ ಮೇಲೆ ಹೋಟೆಲಿನಲ್ಲಿ ಕಾದಿರಿ, ಉಸಿರು ಬಂದ ಮೇಲೆ ಹೇಳುತ್ತಾನೆ.