ಫಾಲ್ಗುಣದ ಭಾವ

ಮಾವಿನ ಮರ ಹೂ ಬಿಟ್ಟು ಕೋಗಿಲೆ ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ನಮ್ಮ ಸಿದ್ದಾಪುರ ಸೀಮೆಯ ಮನೆಮನೆಗೂ ಬೆಂಗಳೂರಿನಿಂದ ಒಬ್ಬೊಬ್ಬ ಭಾವ ಬರುತ್ತಾರೆ. ಶಿವರಾತ್ರಿ ಕಳೆದಿರಬೇಕು, ಯುಗಾದಿ ಇನ್ನೂ ಬಂದಿರಬಾರದು, ಶನಿವಾರ ಭಾನುವಾರಕ್ಕೆ ತಾಗಿ ಒಂದಿಷ್ಟು ರಜೆ ಇರಬೇಕು. ಎಲ್ಲರೂ ಒಂದೇ ಅಚ್ಚು. ಮೊಣಕಾಲಿನ ತನಕ ಚಡ್ಡಿ, ಬೆಟ್ಟ ಹತ್ತಲಿಕ್ಕೆಂದೇ ಕೊಂಡ ಶೂ. ಕಾರಿನಿಂದ ಇಳಿದದ್ದೇ ಎರಡೂ ಕೈ ಚಾಚಿ ಒಂದು ದೀರ್ಘ ಉಸಿರು ಎಳೆದುಕೊಳ್ಳುತ್ತಾರೆ. ಅದನ್ನು ಬಿಡುವಾಗ ಜೊತೆಗೆ ಬರುವ ಮಾತೂ ಒಂದೇ: “ಪುಣ್ಯವಂತರು ಭಾವ ನೀವು!”

ನಮ್ಮಲ್ಲಿ ಅಕ್ಕನ ಗಂಡ ನನಗೆ ಭಾವ, ನಾನೂ ಅವರಿಗೆ ಭಾವ. ಪುಣ್ಯ ಮಾತ್ರ ನನ್ನೊಬ್ಬನದು.

ಬೆಳಗ್ಗೆ ಅಂಗಳದ ತುಂಬ ಇಬ್ಬನಿ ಕವಿದಿದ್ದರೆ ನಮ್ಮ ಭಾವ ಕಂಬಳಿ ಹೊದ್ದು, ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ಕೂತು “ಸ್ವರ್ಗ” ಎನ್ನುತ್ತಾರೆ. ಅದೇ ಇಬ್ಬನಿಗೆ ಮಾವಿನ ಹೂವೆಲ್ಲ ಕರಟಿಹೋಯಿತೆಂದು ಆಯಿ ಒಳಗೆ ಗೊಣಗುತ್ತಿರುತ್ತಾಳೆ. ಅಕ್ಕ ಎದ್ದಿರುವುದಿಲ್ಲ. ತವರಿಗೆ ಬಂದವಳು ಎಂಟು ಗಂಟೆಯ ತನಕ ಮಲಗಲಿ ಬಿಡಿ, ಅದರಲ್ಲಿ ನನಗೇನೂ ತಕರಾರಿಲ್ಲ.

ನಮಗೆ ಇದು ದರಕಿನ ಕಾಲ. ಎಕರೆ ಅಡಿಕೆ ತೋಟಕ್ಕೆ 9 ಎಕರೆಯ ತನಕ ಸೊಪ್ಪಿನ ಬೆಟ್ಟ ಅನುಭವಿಸುವ ಹಕ್ಕು ಬ್ರಿಟಿಷರ ಕಾಲದಿಂದ ಈ ಜಿಲ್ಲೆಯಲ್ಲಿದೆ. ಅಷ್ಟೂ ಬೆಟ್ಟದಲ್ಲಿ ಉದುರಿದ ಎಲೆಯನ್ನು ಗುಡಿಸಿ ತರುವ ಹಕ್ಕೂ ನಮ್ಮದೇ. ಆಳು ಸಿಗುವುದಿಲ್ಲ. ನಾನೂ ಹೆಂಡತಿಯೂ ಬೆಳಗಿನಿಂದ ಗುಡಿಸಿ ಒಟ್ಟಿದ ರಾಶಿಯ ಮುಂದೆ ಭಾವ ಬಂದು ನಿಂತರು. “ಯಾಕೆ ಗುಡಿಸ್ತೀರಿ ಭಾವ? ಮೇಲೆ ನಡೆದರೆ ಎಷ್ಟು ಚೆಂದ ಸದ್ದು ಬರ್ತದೆ!” ಎಂದವರೇ ಮಗನನ್ನು ಎತ್ತಿಕೊಂಡು ರಾಶಿಯ ಮೇಲೆ ಬಿದ್ದರು. ಫೋಟೊ ಚೆನ್ನಾಗಿಯೇ ಬಂತು. ರಾಶಿಯನ್ನು ಮತ್ತೆ ಒಟ್ಟುವ ಪುಣ್ಯ ನಮ್ಮ ಪಾಲಿಗೆ ಬಂತು.

ಉಣುಗಿನ ವಿಷಯ ಹೇಳಲೇಬೇಕಾಯಿತು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಗೂ ಇದೇ ಸುಗ್ಗಿ. ಎಲೆಯಡಿಯಲ್ಲಿರುವ ಸಾಸಿವೆಯಷ್ಟು ಉಣುಗು ಕಚ್ಚಿದರೆ ಸಾಕು. ಬೆಟ್ಟಕ್ಕೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಮುಂದೆ ಇಟ್ಟೆ. ಭಾವ ಶೀಶೆ ತಿರುಗಿಸಿ ತಿರುಗಿಸಿ ನೋಡಿ, “ಇದು ಆರ್ಗ್ಯಾನಿಕ್ಕಾ?” ಎಂದು ಕೇಳಿದರು. ಆಮೇಲೆ ಎರಡು ದಿನ ಜಗುಲಿಯಿಂದಲೇ ಪ್ರಕೃತಿ ನೋಡಿದರು.

ಮೂರನೆಯ ದಿನ ಹೊಳೆಸಾಲಿಗೆ ಅಪ್ಪೆಮಿಡಿ ಕೊಯ್ಯಲು ಹೊರಟೆವು. ಅಘನಾಶಿನಿಯ ದಂಡೆಯ ಮಿಡಿ ಸೇರಿನಲ್ಲಿ ಅಳೆದು ಮಾರುವ ಸರಕಲ್ಲ, ನೂರರ ಲೆಕ್ಕದಲ್ಲಿ ಎಣಿಸಿ ಕೊಡುವಂಥದ್ದು. ತೊಟ್ಟು ಸಮೇತ ಕೊಯ್ದು, ಚೀಲಕ್ಕೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಜಾಡಿಯೊಳಗೆ ಹೋದರೆ ವರ್ಷದ ಉಪ್ಪಿನಕಾಯಿಯೇ ಕೆಟ್ಟಂತೆ. ಇಷ್ಟನ್ನೂ ದಾರಿಯಲ್ಲಿ ವಿವರಿಸಿದ್ದೆ. ಭಾವ ತಲೆಯಾಡಿಸುತ್ತ ಕೇಳಿ, ಮರದ ಬುಡಕ್ಕೆ ಬಂದು, ಮಗಳ ಕೈಗೆ ಮೊಬೈಲ್ ಕೊಟ್ಟು, ತಗ್ಗಿನ ಕೊಂಬೆಯೊಂದನ್ನು ಹಿಡಿದು ಜೋರಾಗಿ ಅಲ್ಲಾಡಿಸಿದರು. ಮಿಡಿಯ ಮಳೆ ಸುರಿಯಿತು. ಮರದ ಮೇಲಿದ್ದವ ಆಡಿದ ಮಾತು ವಿಡಿಯೊದಲ್ಲಿ ಸ್ಪಷ್ಟವಾಗಿದೆಯಂತೆ, ಹಾಗಾಗಿ ಅದನ್ನು ಯಾರಿಗೂ ಕಳಿಸಲಾಗಲಿಲ್ಲ.

ಬಿದ್ದದ್ದರಲ್ಲಿ ಒಂದನ್ನು ಎತ್ತಿ, ತೊಟ್ಟನ್ನು ಹಲ್ಲಿನಲ್ಲೇ ಮುರಿದು ಕಚ್ಚಿದರು. ಚಿಮ್ಮಿದ ಸೊನೆಗೆ ಸಂಜೆಯೊಳಗೆ ತುಟಿ ಊದಿತು. ಆಯಿ ಕೊಬ್ಬರಿ ಎಣ್ಣೆ ಹಚ್ಚಿದಳು. ಊದಿದ ತುಟಿಯಲ್ಲೂ ಅವರು “ಪುಣ್ಯವಂತರು” ಎನ್ನುವುದನ್ನು ಬಿಡಲಿಲ್ಲ, ಸ್ವಲ್ಪ ಅಸ್ಪಷ್ಟವಾಗಿತ್ತು ಅಷ್ಟೆ. ಪೆಟ್ಟಾದ ಮಿಡಿಗಳನ್ನೆಲ್ಲ ಆಯಿ ಅಪ್ಪೆಹುಳಿ ಮಾಡಿದಳು. ಮರುದಿನ ಊಟಕ್ಕೆ ಭಾವ ಅದನ್ನು ಲೋಟ ಲೋಟ ಸುರಿದುಕೊಂಡು, ಅಪ್ಪೆಹುಳಿಯ ಗುಣದಂತೆ ಸಂಜೆಯ ತನಕ ಗೊರಕೆ ಹೊಡೆದರು. ಅವರ ಮಗಳು ಮಾತ್ರ ಜಾಣೆ. ಅಜ್ಜಿಯ ಪಕ್ಕ ಕೂತು, ಬಾಳೆನಾರು ಸೀಳುವುದನ್ನು ಕಲಿತು, ಮೊಳದುದ್ದ ಸುರಗಿ ಮಾಲೆ ಕಟ್ಟಿಬಿಟ್ಟಿದ್ದಳು.

ಹೊರಡುವ ದಿನ ಡಿಕ್ಕಿಯಲ್ಲಿ ಜೋನಿಬೆಲ್ಲದ ಡಬ್ಬಿ, ಬಾಳೆಗೊನೆ, ಹಳೆಯ ಉಪ್ಪಿನಕಾಯಿ, ಎಳೆ ಹಲಸು ತುಂಬಿದ ಮೇಲೆ ಭಾವ ತೋಟದ ಕಡೆ ತಿರುಗಿ ನಿಂತರು. “ಎರಡು ಎಕರೆ ಸಿಕ್ಕರೆ ಹೇಳಿ ಭಾವ, ಕೆಲಸ ಬಿಟ್ಟು ಬಂದುಬಿಡ್ತೇನೆ.” ಪ್ರತಿ ವರ್ಷದ ಮಾತು. ಈ ಸಲ ಆಯಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಎಕರೆ ನಿಧಾನಕ್ಕೆ ನೋಡುವ. ಮೊದಲು ಜೂನಿನಲ್ಲಿ ಬನ್ನಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಮರದ ಬುಡದಲ್ಲಿ ಪೈಪು ಹಿಡಿಯಲಿಕ್ಕೆ ಜನವೇ ಸಿಗುವುದಿಲ್ಲ.”

“ಜೂನಿನಲ್ಲಾ ಅತ್ತೆ?” ಭಾವ ಅಕ್ಕನ ಮುಖ ನೋಡಿದರು. “ಆಗ ಮಕ್ಕಳ ಶಾಲೆ ಶುರುವಾಗ್ತದಲ್ಲ...”

“ಶಾಲೆಗೆ ಹೋಗುವುದು ಮಕ್ಕಳು,” ಎಂದಳು ಅಕ್ಕ. “ನಿಮಗೇನು ತೊಂದರೆ?”

ಭಾವ ಕಾರು ಸ್ಟಾರ್ಟ್ ಮಾಡಿದರು.