ಮೆಲ್ಲಗೆ ಮಾತಾಡುವವನ ನೆರೆಮನೆ

ತೊಗರಿ ಸೀಸನ್ ಬಂತಂದ್ರೆ ನಮ್ಮ ಬೀದರಿನ ಗಾಂಧಿ ಗಂಜ ಮಾರುಕಟ್ಟೆಯಾಗ ಲಾರಿ ನಿಲ್ಲಿಸೋಕೆ ಜಾಗ ಸಿಗೋದಿಲ್ಲ, ನಿಮಗೆ ಹೇಳೋದೇನಿದೆ ಕಾಕಾ. ಮೊದಲಾದರೆ ಅಡತ್ಯಾರು ಡ್ರೈವರ್‌ಗೆ ಫೋನ್ ಹಚ್ಚಿ ಹಚ್ಚಿ ಸಾಕಾಗ್ತಿದ್ದರು. ಈಗ ಗಲ್ಲಾದ ಮುಂದೆ ಕೂತೇ ಮೊಬೈಲ್ ನೋಡಿ ‘ಹುಮನಾಬಾದ ದಾಟ್ಯಾನ’ ಅಂತಾರೆ. ಪರದೆಯ ಮೇಲೆ ಒಂದು ಚುಕ್ಕಿ ತೆವಳ್ತಿರ್ತದೆ, ಅಷ್ಟೇ. ಆ ಚುಕ್ಕಿಯ ಮೇಲೆ ನನಗೆ ಭಾಳ ಮಮತೆ. ಯಾಕಂದ್ರೆ ಅದು ಎಷ್ಟು ಕ್ಷೀಣ ದನಿಯ ಮೇಲೆ ನಿಂತಿದೆ ಅನ್ನೋದನ್ನ ಯಾರೂ ಎಣಿಸೋದಿಲ್ಲ, ಅಲ್ವಾ?

ಆ ಚುಕ್ಕಿಗೆ ಜಾಗ ಹೇಳೋ ಜಿಪಿಎಸ್ ಉಪಗ್ರಹ ಇರೋದು 20,200 ಕಿಲೋಮೀಟರ್ ಮೇಲೆ. ಅದರ ಸಂಕೇತ ನೆಲ ಮುಟ್ಟೋ ಹೊತ್ತಿಗೆ ರಿಸೀವರ್‌ನ ಒಳಗಿನ ಗೊರಗೊರ ಸದ್ದಿಗಿಂತಲೂ ಕೆಳಗೆ ಇಳಿದಿರ್ತದೆ. ಅದರ ಕೋಡ್ ಗೊತ್ತಿದ್ದ ರಿಸೀವರ್ ಮಾತ್ರ ಆ ಗದ್ದಲದೊಳಗಿಂದ ಹೆಕ್ಕಿ ತೆಗೀತದೆ. ಅಂಥದರ ಪಕ್ಕದ ತರಂಗಾಂತರಕ್ಕೆ ನೆಲದ ಟವರ್ ಬಂತಂದ್ರೆ, ಹಾಸಿಗೆ ಹಿಡಿದ ಅಜ್ಜ ಏನೋ ಮೆಲ್ಲಗೆ ಹೇಳ್ತಿರುವಾಗ ಪಕ್ಕದ ಮನೆಯವರು ಮದುವೆಗೆ ಡಿಜೆ ಹಚ್ಚಿದ ಹಾಗೆ. ಅವರೇನೂ ನಮ್ಮ ಗೋಡೆ ದಾಟಿಲ್ಲ. ಆದರೆ ಅಜ್ಜನ ಮಾತು ಕೇಳಬೇಕಲ್ರಿ.

ಅಮೆರಿಕದ ಲೈಟ್‌ಸ್ಕ್ವೇರ್ಡ್ ಅನ್ನೋ ಕಂಪನಿಯ ರಾದ್ಧಾಂತ ಇದೇ. 1575.42 ಮೆಗಾಹರ್ಟ್ಸ್‌ನಲ್ಲಿ ಜಿಪಿಎಸ್. ಅದರ ಕೆಳಗಿನ, ಉಪಗ್ರಹಗಳಿಗಂತ ಬಿಟ್ಟಿದ್ದ 1525ರಿಂದ 1559ರ ಪಟ್ಟಿಯಲ್ಲಿ 40,000 ಟವರ್ ನಿಲ್ಲಿಸಿ ಬ್ರಾಡ್‌ಬ್ಯಾಂಡ್ ಕೊಡ್ತೀವಿ ಅಂದರು. 2011ರಲ್ಲಿ ಷರತ್ತಿನ ಒಪ್ಪಿಗೆ ಸಿಕ್ಕಿತು, ಪರೀಕ್ಷೆಯಲ್ಲಿ ಜಿಪಿಎಸ್ ತತ್ತರಿಸಿತು, 2012ರಲ್ಲಿ ಸರ್ಕಾರ ತಡೀತು, ಕಂಪನಿ ದಿವಾಳಿ. ಆಮೇಲೆ ಲಿಗಾಡೋ ಅನ್ನೋ ಹೆಸರಲ್ಲಿ ಎದ್ದು ಬಂದು, 2020ರಲ್ಲಿ ದನಿ ಭಾಳ ತಗ್ಗಿಸ್ತೀವಿ ಅಂತ ಒಪ್ಪಿಗೆ ಪಡೆದು, 2025ರ ಜನವರಿಯಲ್ಲಿ ಮತ್ತೆ ದಿವಾಳಿ ಅರ್ಜಿ.

ಕಂಪನಿಯವರ ವಾದವನ್ನೂ ತಳ್ಳಿಹಾಕೋ ಹಾಗಿಲ್ಲ. ನಾವು ನಮ್ಮ ಜಾಗದಲ್ಲೇ ಇದ್ದೀವಿ, ನಿಮ್ಮ ರಿಸೀವರ್‌ಗಳೇ ನಮ್ಮ ಅಂಗಳಕ್ಕೆ ಕಿವಿ ಚಾಚಿ ಕೂತಾವೆ ಅಂದರು. ಅದು ಸುಳ್ಳಲ್ಲ. ನಮ್ಮ ಮನೆಯ ಹಳೇ ರೇಡಿಯೊದಾಗ ರಾತ್ರಿ ಆಯಿತಂದ್ರೆ ಕಲಬುರಗಿಯ ಕನ್ನಡದೊಳಗೆ ಯಾವುದೋ ದೂರದ ಸ್ಟೇಷನ್ನಿನ ಹಾಡು ನುಸುಳ್ತಿತ್ತು. ನಮ್ಮಪ್ಪ ಮುಳ್ಳನ್ನ ಕೂದಲೆಳೆಯಷ್ಟು ಆಚೀಚೆ ಸರಿಸಿ, ಸೆಟ್ಟನ್ನೇ ಕಿಟಕಿ ಕಡೆ ತಿರುಗಿಸಿ, ‘ಈಗ ಸುಮ್ಮನ ಕೂಡ್ರಿ, ಯಾರೂ ಅಲುಗಾಡಬ್ಯಾಡ್ರಿ’ ಅಂತಿದ್ದರು. ನಾವು ಅಲುಗಾಡಿದರೆ ಸ್ಟೇಷನ್ ಹೋಗ್ತದೆ ಅಂತ ಅವರ ನಂಬಿಕೆ! ಒಳ್ಳೇ ಫಿಲ್ಟರ್ ಇದ್ದ ಸೆಟ್ಟಾಗಿದ್ದರೆ ಅಷ್ಟು ಪಾಡು ಇರ್ತಿರಲಿಲ್ಲ. ಆದರೆ ಕೋಟಿಗಟ್ಟಲೆ ರಿಸೀವರ್ ಆಗಲೇ ಜನರ ಕೈಯಲ್ಲಿರುವಾಗ, ತಡವಾಗಿ ಬಂದವರು ಮೊದಲು ಪರೀಕ್ಷೆ ಮಾಡಿ ತೋರಿಸಬೇಕು. ನನ್ನ ಮಾತು ಇಷ್ಟೇ.

ದೂರದ ಸುದ್ದಿ ಯಾಕೆ ಅಂತೀರಾ? ಜಿಪಿಎಸ್ ಹಾಗೇ ದಾರಿ ತೋರಿಸೋ ನಮ್ಮ ದೇಶದ ನಾವಿಕ್‌ನ ನೆರೆಹೊರೆ ನೋಡ್ರಿ. ಅದರ ಎಸ್ ಬ್ಯಾಂಡ್ ಇರೋದು 2483.5ರಿಂದ 2500 ಮೆಗಾಹರ್ಟ್ಸ್‌ವರೆಗೆ. ಕೆಳಗಿನ ಗಡಿಗೆ ವೈಫೈ, ಮೇಲಿನ ಗಡಿಗೆ 4ಜಿ. ಎರಡೂ ಕಡೆ ಗಲಾಟೆಯವರೇ. ಅದಕ್ಕಿಂತ ಸೋಜಿಗ ಏನಂದ್ರೆ, 4ಜಿ ಟವರ್ ಎಲ್ಲೋ ಇರ್ತದೆ, ವೈಫೈ ಆಂಟೆನಾ ಮಾತ್ರ ನಾವಿಕ್ ಕೇಳೋ ಅದೇ ಮೊಬೈಲ್ ಡಬ್ಬಿಯೊಳಗೆ, ಬೆರಳಷ್ಟು ದೂರದಲ್ಲಿ! 2023ರ ಮೇ 29ರಂದು ಹಾರಿದ ನಾವಿಕ್‌ನ ಎನ್‌ವಿಎಸ್-01 ಉಪಗ್ರಹಕ್ಕೆ ಇಸ್ರೊದವರು ಜಿಪಿಎಸ್ ಇರೋ ಎಲ್1 ಬ್ಯಾಂಡನ್ನೂ ಸೇರಿಸಿದರು. ಜಗತ್ತಿನ ರಿಸೀವರ್‌ಗಳು ಆಗಲೇ ಕಿವಿಗೊಟ್ಟಿರೋ ಬ್ಯಾಂಡ್ ಅದು, ಒಳ್ಳೇದೇ ಆಯ್ತು.

ವಿಮಾನದವರದೂ ಇಂಥದೇ ತಕರಾರು. ದಿನಾ ತಲೆ ಮೇಲೆ ತರಬೇತಿ ವಿಮಾನ ಹಾರೋ ಊರಿನವರು ನಾವು, ವಾಯುಪಡೆಯ ಸೂರ್ಯಕಿರಣ ತಂಡದ ಮನೆಯೂ ಇಲ್ಲೇ. ಅವು ಸದ್ದು ಮಾಡಿದರೆ ಈಗಲೂ ಕೈಯಾಗಿನ ಕೆಲಸ ಬಿಟ್ಟು ಅಂಗಳಕ್ಕೆ ಬರ್ತೀವಿ, ಹೌದಿಲ್ಲೋ? 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತು: ವಿಮಾನ ನಿಲ್ದಾಣದ ರನ್‌ವೇಯ ಎರಡೂ ತುದಿಯಿಂದ 2.1 ಕಿಲೋಮೀಟರ್, ನಡುಗೆರೆಯಿಂದ 910 ಮೀಟರ್ ಒಳಗೆ 3.3 ಗಿಗಾಹರ್ಟ್ಸ್ ಪಟ್ಟಿಯ 5ಜಿ ಬೇಡ. ವಿಮಾನದ ಎತ್ತರ ಅಳೆಯೋ ರೇಡಿಯೊ 4.2ರಿಂದ 4.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡ್ತದಲ್ಲ, ಅದಕ್ಕೆ. ಅಳತೆ ಹಾಕಿ ಮೊದಲೇ ಹೇಳಿದ್ದು ನನಗೆ ಭಾಳ ಹಿಡಿಸಿತು.

ಹಂಗಂತ ಟವರ್ ಬೇಡ ಅನ್ನೋ ಪೈಕಿ ನಾನಲ್ಲ. ಔರಾದ ಕಡೆ ಹೋದರೆ ಮಾಳಿಗೆ ಹತ್ತಿ ಮಾತಾಡೋರು ಇನ್ನೂ ಸಿಗ್ತಾರೆ. ಅವರಿಗೂ ಜೋರು ನೆಟ್ ಬರಲೇಬೇಕು. ಆದರೆ ಕಾಕಾ, 5ಜಿ ಟವರ್‌ಗಳ ಬಳಿ ಸಣ್ಣದೊಂದು ಗುಂಡನೆಯ ಬಿಳಿ ಆಂಟೆನಾ ಕೂತಿರ್ತದೆ, ನೋಡೀರೇನು? ಅದು ಜಿಪಿಎಸ್ಸಿಂದು. ಅಕ್ಕಪಕ್ಕದ ಟವರ್‌ಗಳು ಮೂರು ಮೈಕ್ರೋಸೆಕೆಂಡಿನೊಳಗೆ ತಾಳ ಹಿಡೀಬೇಕು, ಇಲ್ಲಾಂದ್ರೆ ಒಂದರ ಮಾತಿನ ಮೇಲೆ ಇನ್ನೊಂದು ಬೀಳ್ತದೆ. ಆ ಗಡಿಯಾರದ ಹೊತ್ತು ಬರೋದು ಅದೇ ಉಪಗ್ರಹದಿಂದ. ಅಂದಮೇಲೆ ಈ ತಗ್ಗು ದನಿಯನ್ನ ಕಾಯೋ ಮಾತು ಮೊದಲು ಟವರ್ ಕಂಪನಿಯವರ ಬಾಯಿಂದಲೇ ಬರಬೇಕಿತ್ತು, ಅಲ್ಲೇನ್ರಿ?